ಒಡನಾಡಿಯ ಅಗಲಿಕೆಯೂ ಆಟವೂ

೨೦೦೪ನೆಯ ಇಸವಿ ಡಿಸೆಂಬರ್ ೫ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಶನ್ ಕಪ್ ಫುಟ್‌ಬಾಲಿನ ಅಂತಿಮ ಪಂದ್ಯ. ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಗಳಿಸಿದ ಗಳಿಗೆಯಲ್ಲೇ ಘರ್ಷಣೆಯಿಂದ ಕುಸಿದು ಅಸುನೀಗಿದನು. ಪಂದ್ಯವು ಕೊನೆಗಂಡಿತು, ಗೆಲುವು ಅವನ ತಂಡದ್ದಾಯಿತು. ಒಡನಾಡಿ ಅಳಿದ ಮೇಲೆ ಆಟ ಸಲ್ಲುವುದೆ?

ಶಿವಶರಣರು ಮೃತಸೂತಕವನ್ನು ಒಪ್ಪಲಿಲ್ಲ. ಆದುದರಿಂದ ಮೈಲಿಗೆಯ ಹೆಸರಿನಲ್ಲಿ ಆಟವನ್ನು ತೊರೆಯಬೇಕಾದುದಿಲ್ಲ. ಆದರೆ ಸೂತಕವನ್ನು ಬಿಟ್ಟವರು ಕರುಣೆಯನ್ನು ಬಿಡಲಿಲ್ಲ. ಬಿದ್ದವನ ಉಸಿರು ತೂಗುಯ್ಯಾಲೆಯಲ್ಲಿರುವಾಗ ಗೆಲುವನ್ನೆಣಿಸುವುದು ತರವಲ್ಲ. ಆಗ ಆಟ ನಿಲ್ಲಲೇಬೇಕು. ದುಃಖವು ತಿಳಿಯಾದ ಬಳಿಕ ಮರಳಿ ಆಡುವುದಾದರೋ ಅಗಲಿದವನಿಗೆ ಅಗೌರವವಲ್ಲ, ಅವನು ಒಲಿದ ಕಾಯಕದ ಮುಂದುವರಿಕೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ತರುಣರು ಕಬಡ್ಡಿಯ ಕಣಕ್ಕಿಳಿಯುವ ಮುನ್ನ, ಹೃದಯ ನಿಂತವನ ಎದೆಯನ್ನೊತ್ತಿ ಉಸಿರು ಮರಳಿಸಲೆತ್ನಿಸುವ ವಿದ್ಯೆಯನ್ನೂ ಕಲಿಯಲಿ. ಮಡಿದವನ ಹೆಸರಿನಲ್ಲಿ ಇದ್ದವರಿಗೆ ಮಾಡುವ ದಾಸೋಹ ಅದೇ.