ಜಗಳದ ಬಾವಿಯ ಹತ್ತಿರ ಗುಡಾರ ಹಾಕಬೇಡಿ

ಪ್ರಿಯ ಯೌವನಸ್ಥರೇ, ಆದಿಕಾಂಡ 26ನೇ ಅಧ್ಯಾಯ ತೆಗೆಯಿರಿ.

ಬೈಬಲ್ ಓದುವಾಗ ಊರಿನ ಹೆಸರು ಬಂದ್ರೆ ನಾವು ಬೇಗ ದಾಟಿಬಿಡ್ತೀವಿ. ಆದರೆ ನಮ್ಮ ಕಡೆಯ ಹೆಸರುಗಳನ್ನೇ ನೋಡಿ. ಕೊರಟಗೆರೆಯ 'ಗೆರೆ' ಅಂದ್ರೆ ಕೆರೆ. ಮಧುಗಿರಿಯ 'ಗಿರಿ' ಅಂದ್ರೆ ಬೆಟ್ಟ. ಹೀಬ್ರೂ ಹೆಸರುಗಳೂ ಹಾಗೇ. 'ಬೇರ್' ಅಂದ್ರೆ ಬಾವಿ. ಬೇರ್ಷೆಬ ಅಂದ್ರೆ ಆಣೆಯ ಬಾವಿ. ಏಳು ಅನ್ನೋದಕ್ಕೂ ಹೀಬ್ರೂವಿನಲ್ಲಿ 'ಷೆಬ' ಅಂತಲೇ ಹೇಳ್ತಾರೆ. ಅಬ್ರಹಾಮನು ಅಲ್ಲಿ ಏಳು ಕುರಿಗಳನ್ನು ಕೊಟ್ಟು ಆಣೆ ಮಾಡಿದ ಅಂತ 21ನೇ ಅಧ್ಯಾಯದಲ್ಲಿದೆ.

ಈಗ ಇಸಾಕನನ್ನು ನೋಡಿ. ನೀರಿಲ್ಲದ ಸೀಮೆ. ಪಾವಗಡ, ಸಿರಾ ಕಡೆಯವರಿಗೆ ಇದನ್ನ ವಿವರಿಸೋದು ಬೇಡ. ಅವನ ಆಳುಗಳು ಗೆರಾರಿನ ತಗ್ಗಿನಲ್ಲಿ ಅಗೆದರು, ನೀರು ಬಿತ್ತು. ಆ ಊರಿನ ಕುರುಬರು ಬಂದು ನೀರು ನಮ್ಮದು ಅಂದ್ರು. ಆ ಬಾವಿಗೆ ಏಸೆಕ್ ಅಂತ ಹೆಸರಿಟ್ಟ, ಅಂದ್ರೆ ಜಗಳ. ಇನ್ನೊಂದು ಅಗೆದರು, ಅದಕ್ಕೂ ಜಗಳ. ಅದಕ್ಕೆ ಸಿಟ್ನಾ ಅಂದ, ಅಂದ್ರೆ ವಿರೋಧ. ಸೈತಾನ ಅನ್ನೋ ಹೆಸರೂ ಇದೇ ಮೂಲದ್ದು! ಮೂರನೆಯದಕ್ಕೆ ಯಾರೂ ಜಗಳಕ್ಕೆ ಬರಲಿಲ್ಲ. ಅದು ರೆಹೋಬೋತ್, ವಿಶಾಲವಾದ ಸ್ಥಳ.

ಗಮನಿಸಿ, ಇಸಾಕ ಸುಳ್ಳು ಹೆಸರು ಇಡಲಿಲ್ಲ. ಜಗಳವನ್ನ ಜಗಳ ಅಂತಲೇ ಕರೆದ. ಆದರೆ ಅಲ್ಲೇ ಉಳಿದುಕೊಳ್ಳಲಿಲ್ಲ. ಅವನು ಯಜ್ಞವೇದಿ ಕಟ್ಟಿ ಗುಡಾರ ಹಾಕಿದ್ದು ಬೇರ್ಷೆಬದಲ್ಲಿ.

ನಮ್ಮ ಮನೆ ಮಾತು ಹೇಳ್ತೀನಿ. ಅಪ್ಪ, ಚಿಕ್ಕಪ್ಪ ಸೇರಿ ಹೊಲದ ಬದುವಿನಲ್ಲಿ ಬೋರು ಕೊರೆಸಿದ್ರು. 620 ಅಡಿಗೆ ನೀರು ಬಿತ್ತು, ಅವತ್ತೇ ಜಗಳವೂ ಶುರುವಾಯ್ತು. ಇವತ್ತಿಗೂ ನಮ್ಮನೇಲಿ ಅದಕ್ಕೆ 'ಕೇಸಿನ ಬೋರು' ಅಂತಾರೆ. ಅದು ನಮ್ಮ ಸಿಟ್ನಾ. ಒಂಬತ್ತು ವರ್ಷ ನಾನು ಚಿಕ್ಕಪ್ಪನ ಮುಖ ನೋಡಲಿಲ್ಲ. ಇದೇ ಪ್ರಸಂಗಪೀಠದಿಂದ ಕ್ಷಮೆಯ ಬಗ್ಗೆ ಎಷ್ಟೋ ಸಾರಿ ಮಾತಾಡಿದ್ದೀನಿ. ಈ ವಾಕ್ಯ ತಯಾರು ಮಾಡುವಾಗ ಕರ್ತನು ನನ್ನನ್ನೇ ಹಿಡಿದ. ಹೋದ ಶನಿವಾರ ಊರಿಗೆ ಹೋದೆ. ಚಿಕ್ಕಪ್ಪ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಮಾತ್ರ, "ಊಟ ಮಾಡ್ಕೊಂಡು ಹೋಗಪ್ಪ" ಅಂದ್ರು. ಕೇಸು ಇನ್ನೂ ಇದೆ. ಆದರೆ ಊಟ ಮಾಡಿ ಬಂದೆ.

ಹಕ್ಕು ಕೇಳೋದು ತಪ್ಪಲ್ಲ ಪ್ರಿಯರೇ. ಬಾವಿ ಕಿತ್ತುಕೊಂಡಾಗ ಅಬ್ರಹಾಮನೂ ಅಬೀಮೆಲೆಕನನ್ನ ಕೇಳಿದ. ಆದರೆ ದ್ವೇಷದಲ್ಲಿ ಮನೆ ಮಾಡಬೇಡಿ. ಇಸಾಕನನ್ನ ಹೊರಗೆ ಕಳಿಸಿದ ಅದೇ ಗೆರಾರಿನ ಅರಸ ಬಂದಾಗ ಅವನು ಔತಣ ಮಾಡಿಸಿದ, ಮರುದಿನ ಆಣೆ ಮಾಡಿ ಸಮಾಧಾನದಿಂದ ಕಳಿಸಿದ. ಅದೇ ದಿನ ಆಳುಗಳು ಓಡಿ ಬಂದು, ನೀರು ಸಿಕ್ಕಿತು ಅಂದ್ರು. ಹಲ್ಲೆಲೂಯಾ!

ನೀವು ಊರು ಬಿಟ್ಟು ಬೆಂಗಳೂರಿಗೆ ಬಂದಿರಬಹುದು. ನಿಮ್ಮ ಏಸೆಕ್ ಯಾವುದು? ಈ ವಾರ ಆ ಒಬ್ಬರಿಗೆ ಫೋನ್ ಮಾಡಿ. ಎದ್ದು ನಿಲ್ಲಿ, ಪ್ರಾರ್ಥಿಸೋಣ. ಆಮೆನ್.