ಅವ್ವ ಬರೆದ ಗೋಡೆ

ನವಲಗುಂದದ ಹತ್ತಿರದ ನನ್ನ ತವರಿಗೆ ದ್ಯಾಮವ್ವನ ಜಾತ್ರೆಗೆಂದು ಹೋಗಿದ್ದೆ. ಪಡಸಾಲೆಗೆ ಕಾಲಿಟ್ಟವಳು ಹಾಗೇ ನಿಂತೆ. ಅವ್ವ ಹಬ್ಬ ಹಬ್ಬಕ್ಕೂ ಕೆಮ್ಮಣ್ಣಿನಲ್ಲಿ ಚಿತ್ರ ಬರೆಯುತ್ತಿದ್ದ ಗೋಡೆ ಬೆಳ್ಳಗಾಗಿತ್ತು. ಆಕೆ ತೀರಿಕೊಂಡ ಮೇಲೂ ಅಲ್ಲಿ ಒಂದು ತೊಟ್ಟಿಲು, ಒಂದು ಜೋಡಿ ಗಿಳಿ ಉಳಿದಿದ್ದವು.

“ಜಾತ್ರಿಗಂತ ಸುಣ್ಣಾ ಹಚ್ಚಿಸಿದಿವ್ರಿ ಅಕ್ಕಾರ” ಎಂದಳು ತಮ್ಮನ ಹೆಂಡತಿ. ನಾನು ಮಾತಾಡಲಿಲ್ಲ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಗುಡಿಗೆ ಹೋದೆ. ನಮ್ಮ ಕಡೆಯ ದ್ಯಾಮವ್ವ ಕಟ್ಟಿಗೆಯ ಮೂರ್ತಿ. ಜಾತ್ರೆ ಬಂದಾಗ ಹೊಸದಾಗಿ ಬಣ್ಣ ಹಚ್ಚುತ್ತಾರೆ. ಬಣ್ಣ ಹಚ್ಚಿದ ಬಡಿಗೇರ ಅಜ್ಜ ಕಟ್ಟೆಯ ಮೇಲೆ ಕೂತಿದ್ದ. “ಹಳೇ ಬಣ್ಣ ಏನ್ ಮಾಡ್ತೀರಿ?” ಎಂದು ಕೇಳಿದೆ.

“ಎದ್ದದ್ದಷ್ಟ ಕೆರೀತೀವಿ ಯವ್ವಾ. ಗಟ್ಟಿ ಇದ್ದದ್ದು ಒಳಗ ಇರತೈತಿ. ನಮ್ಮಪ್ಪ ಹಚ್ಚಿದ್ದೂ ಒಳಗ ಐತಿ.”

ಆಗ ಬಾದಾಮಿ ನೆನಪಾಯಿತು. ಅಲ್ಲಿಯ ಮೂರನೆಯ ಗುಹೆ ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578ರದು. ಅಲ್ಲಿ ಉಳಿದಿರುವ ವರ್ಣಚಿತ್ರಗಳು ಈಗ ಮಸುಕು ಮಸುಕು. ಅವುಗಳ ಮೇಲೆ ಯಾರೂ ಕುಂಚ ಆಡಿಸುವಂತಿಲ್ಲ, ಅದೇ ಸರಿ. ಬರೆದ ಕೈ ಹೋಗಿದೆ, ಆ ಕೈಯಿಂದ ಕಲಿತವರೂ ಇಲ್ಲ. ಆದರೆ ದಿನಾ ಕೈಮುಗಿಸಿಕೊಳ್ಳುವ ತಾಯಿಯ ಕಣ್ಣಿನ ಬಣ್ಣ ಉದುರಿದರೆ ಊರು ಸುಮ್ಮನಿದ್ದೀತೇ? ಒಂದು ಕಡೆ ಮುಟ್ಟದಿರುವುದು ಭಕ್ತಿ, ಇನ್ನೊಂದು ಕಡೆ ಮುಟ್ಟುವುದೇ ಭಕ್ತಿ. ಕಲಿತ ಕೈ ಇದೆಯೋ ಇಲ್ಲವೋ ಎಂಬುದರ ಮೇಲೆ ಇದು ನಿಂತಿದೆ.

ಹಾಗಾದರೆ ನಮ್ಮ ಮನೆಯ ಗೋಡೆ ಎಂಥದು? ಒಂದು ಮಾತು ಕೇಳದೆ ಸುಣ್ಣ ಹಚ್ಚಿಸಿದ್ದು ತಪ್ಪೇ ಎಂದು ಈಗಲೂ ಅನಿಸುತ್ತದೆ. ಆದರೆ ಅವ್ವ ಎಷ್ಟೋ ಸಲ ಕರೆದರೂ ನಾನು ಒಂದು ಗೆರೆ ಕಲಿಯಲಿಲ್ಲ. ಶಾಲೆ, ಆಮೇಲೆ ನೌಕರಿ, ಆಮೇಲೆ ಸಂಸಾರ. ನಾನು ಹೊರಬೇಕಾದ ನೆನಪನ್ನು ಗೋಡೆಯ ಮೇಲೆ ಹೊರಿಸಿ ಊರು ಬಿಟ್ಟಿದ್ದೆ. ಮಳೆಗಾಲದಲ್ಲಿ ಆ ಗೋಡೆಯ ಹಸಿ ಒರೆಸಿದವಳು, ಅವ್ವನ ಕೊನೆಗಾಲದಲ್ಲಿ ಆಕೆಯ ಮೈ ಒರೆಸಿದವಳು ನಾನಲ್ಲ.

ಮರುದಿನ ನಸುಕಿನಲ್ಲಿ ಕೆಮ್ಮಣ್ಣು ಕಲಸಿಕೊಂಡು ಗೋಡೆಯ ಮುಂದೆ ಕೂತೆ. ತೊಟ್ಟಿಲು ಹೇಗೋ ಮೂಡಿತು. ಗಿಳಿಗಳು ಎದುರುಬದುರು ಇದ್ದವೋ, ಬೆನ್ನು ತಿರುವಿದ್ದವೋ ನೆನಪಾಗಲಿಲ್ಲ.

“ಎದುರುಬದುರು ಇದ್ದವ್ರಿ ಅಕ್ಕಾರ” ಎಂದಳು ಹಿಂದೆ ಬಂದು ನಿಂತಿದ್ದ ಅವಳು. “ಬಾಯಾಗ ಒಂದ ತೆನಿ ಹಿಡಕೊಂಡಿದ್ದವು. ಅತ್ತಿಯವರು ನನ್ನ ಕೈಲೇ ಬರಸ್ತಿದ್ರು.”

ಕಡ್ಡಿಯನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ಕೂತೆ.