ಯಾರನ್ನು ಕೇಳಿದರು?

ಹೈಸ್ಕೂಲು ಮಕ್ಕಳಿಗೆ ಜಗತ್ತಿನ ರಾಜಕಾರಣ, ರಾಜ್ಯಶಾಸ್ತ್ರದ ತತ್ವ ಇವೆಲ್ಲ ಯಾಕೆ, ಮಾರ್ಕ್ಸು ಬಂದರೆ ಸಾಲದೆ ಎಂದು ಅನೇಕರು ಕೇಳುತ್ತಾರೆ. ರೋಣದ ಕಡೆಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ವಿಷಯಕ್ಕಾಗಿ ದೂರ ಹೋಗಬೇಕೆಂದು ಎಂದೂ ಅನ್ನಿಸಿಲ್ಲ.

ನರಗುಂದದ ಕಪ್ಪದ ಜಗಳ ಬೆಳೆದು 1785ರಲ್ಲಿ ಟಿಪ್ಪುವಿಗೂ ಮರಾಠರಿಗೂ ಯುದ್ಧ ಹತ್ತಿತು. 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಅದು ಮುಗಿಯಿತು. ಟಿಪ್ಪು 48 ಲಕ್ಷ ರೂಪಾಯಿ ಕೊಡಬೇಕು, ನರಗುಂದ, ಕಿತ್ತೂರು, ಬಾದಾಮಿಗಳನ್ನು ಮರಾಠರಿಗೆ ಬಿಡಬೇಕು ಎಂದು ಗೊತ್ತಾಯಿತು. ಈ ಪಾಠ ನಡೆದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಅಕ್ಕಾರ, ಆ ಊರ ಮಂದೀನ ಯಾರರ ಕೇಳಿದ್ರೇನ್ರಿ?”

ದೊಡ್ಡ ದೊಡ್ಡ ಗ್ರಂಥಗಳ ಮೂಲದಲ್ಲಿರುವುದು ಇದೇ ಪ್ರಶ್ನೆ. 1858ರಲ್ಲಿ ನರಗುಂದದ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಎದ್ದ. ದತ್ತು ಪಡೆಯಲು ಅವರು ಒಪ್ಪಿರಲಿಲ್ಲ. ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾಯಿತು, ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಅವನ ತಾಯಿ, ಹೆಂಡತಿ ಮಲಪ್ರಭೆಯ ಪಾಲಾದರು. ಅವರನ್ನಂತೂ ಎರಡೂ ಕಡೆಯವರು ಕೇಳಿರಲಿಲ್ಲ.

ಅದೇ ಮಲಪ್ರಭೆಗೆ ಮುಂದೆ ಅಣೆಕಟ್ಟು ಬಂತು, ಕಾಲುವೆ ಬಂತು. ನೀರಾವರಿಯಿಂದ ನಿಮ್ಮ ಹೊಲದ ಬೆಲೆ ಏರಿದೆ, ಅಭಿವೃದ್ಧಿ ಕರ ಕಟ್ಟಿರಿ ಎಂದಿತು ಸರಕಾರ. ನೀರು ಸರಿಯಾಗಿ ಮುಟ್ಟದವರಿಗೂ ಕರವೇ ಎಂದು ರೈತರು ಸಿಟ್ಟಾದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು.

ರಾಜಮಾರ್ಗದಲ್ಲಿ ನಡೆದರೂ ಸಾಕು, ನೀನು ಆ ರಾಜ್ಯದ ಕಾನೂನಿಗೆ ಮೌನವಾಗಿ ಒಪ್ಪಿದಂತೆ ಎಂದ ಇಂಗ್ಲೆಂಡಿನ ಜಾನ್ ಲಾಕ್. ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿನಲ್ಲಿ ಹಾಕಿ, ಸಮುದ್ರಕ್ಕೆ ಹಾರದೆ ಉಳಿದಿದ್ದಾನೆ, ಆದ್ದರಿಂದ ಒಪ್ಪಿದ್ದಾನೆ ಎನ್ನಬಹುದೇ ಎಂದು 1748ರಲ್ಲಿ ಡೇವಿಡ್ ಹ್ಯೂಮ್ ತಿರುಗಿ ಕೇಳಿದ. ಹುಡುಗರು ಇದನ್ನು ಕೇಳಿ ನಗುತ್ತಾರೆ. ಹುಡುಗಿಯರು ಸುಮ್ಮನಾಗುತ್ತಾರೆ. ಅವರಿಗೆ ಆ ಹಡಗು ಗೊತ್ತು.

“ಹುಡುಗಿಗೆ ಎದುರು ಮಾತು ಕಲಸಬ್ಯಾಡ್ರಿ ಬಾಯಾರ” ಎಂದು ತಾಯಂದಿರು ನನಗೆ ಹೇಳಿದ್ದುಂಟು. ಅವರ ಅಂಜಿಕೆ ಸುಳ್ಳಲ್ಲ. ಸರಕಾರವನ್ನು ಪ್ರಶ್ನಿಸಲು ಕಲಿತವಳು ಮನೆಯಲ್ಲಿ ಸುಮ್ಮನಿರುವುದಿಲ್ಲ. ಸಾಕಿ ಸಲಹಿದ್ದೇವೆ, ಹೇಳಿದಲ್ಲಿ ಲಗ್ನವಾಗು ಎನ್ನುವ ಮಾತಿಗೂ, ನೀರು ಕೊಟ್ಟಿದ್ದೇವೆ, ಕರ ಕಟ್ಟು ಎನ್ನುವ ಮಾತಿಗೂ ಬಹಳ ಅಂತರವಿಲ್ಲ ಎಂಬುದು ಅವಳಿಗೆ ಹೊಳೆಯುತ್ತದೆ.

ಹಾಗೆಂದು ಎಲ್ಲರ ಒಪ್ಪಿಗೆಗೇ ಕಾಯುತ್ತ ಕೂತರೆ ಯಾವ ಕಾಲುವೆಯೂ ಆಗಲಿಕ್ಕಿಲ್ಲ. ಲಸಿಕೆ ಹಾಕಿಸುವಾಗ ಕೂಸನ್ನು ಕೇಳುವ ತಾಯಿಯೂ ಇಲ್ಲ. ಆದರೆ ಕೂಸು ಬೆಳೆಯುತ್ತದೆ. ಬೆಳೆದವರ ಮೇಲೆ ಅಧಿಕಾರ ನಡೆಸುವವರಿಗೆ ಕಾರಣ ಹೇಳುವ ಋಣವಿದೆ, ‘ಒಲ್ಲೆ’ ಎಂಬ ಮಾತನ್ನು ಕೇಳಿಸಿಕೊಳ್ಳುವ ಋಣವೂ ಇದೆ. ‘ನಿನ್ನ ಒಳ್ಳೆಯದಕ್ಕೇ ಮಾಡಿದ್ದು’ ಎಂದರೆ ಆ ಋಣ ತೀರುವುದಿಲ್ಲ. ಪ್ರಶ್ನೆ ಕೇಳುವವಳಿಗೂ ಒಂದು ಹೊಣೆಯಿದೆ. ಗುಂಡಿಗೆ ಸತ್ತ ರೈತನ ಹೆಂಡತಿಯಷ್ಟೇ ಕಲ್ಲಿಗೆ ಸತ್ತ ಪೊಲೀಸನ ಹೆಂಡತಿಯೂ ಅವಳ ಲೆಕ್ಕಕ್ಕೆ ಬರಬೇಕು.

ಹದಿನೆಂಟಕ್ಕೆ ಅವಳ ಕೈಗೆ ಮತ ಬರುತ್ತದೆ, ಕಾನೂನಿನ ಪ್ರಕಾರ ಲಗ್ನದ ವಯಸ್ಸೂ ಆಗುತ್ತದೆ. ಎರಡಕ್ಕೂ ಬೇಕಾದ ಪಾಠ ಒಂದೇ. ಅದನ್ನು ಹದಿನೈದರಲ್ಲಿ ಕಲಿಸದೆ ಇನ್ನು ಯಾವಾಗ ಕಲಿಸೋಣ?